ಕೂಸು ಎರೆಯುವಾಕಿಯ ಇಸಬು

ಕುಬಿಹಾಳದಲ್ಲಿ ಇಪ್ಪತ್ತೈದು ವರ್ಷದೊಳಗಿನ ಯಾವ ಹುಡುಗ ಹುಡುಗಿಯನ್ನು ನಿಲ್ಲಿಸಿ ಕೇಳಿದರೂ ಸರಿ, ಹುಟ್ಟಿದ ಹೊಸತರಲ್ಲಿ ಅವರು ಮೈಲಾರವ್ವನ ಕಾಲ ಮೇಲೆ ಬೋರಲು ಮಲಗಿ ಅತ್ತವರೇ. ಗೌಡರ ಮನೆಯಿರಲಿ, ಕುರುಬರ ಓಣಿಯಿರಲಿ, ಮಸೂತಿಯ ಬಾಜುವಿನ ಮನೆಗಳಿರಲಿ, ಹೆರಿಗೆಯಾಯಿತೆಂದರೆ ಆಕೆಗೆ ಕರೆ ಹೋಗುತ್ತಿತ್ತು. ಆಕೆ ಬಂದು ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಕಾಲು ನೀಡಿ ಕುಳಿತಳೆಂದರೆ ಬಾಣಂತಿಯ ತಾಯಿಗೆ ಅರ್ಧ ಚಿಂತೆ ಇಳಿದಂತೆ. ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ಮೈಮೇಲಿನ ನವಿರು ಉದುರುವ ತನಕ ಉಜ್ಜಿ, ಹಬೆಯಾಡುವ ನೀರನ್ನು ತಂಬಿಗೆ ತಂಬಿಗೆ ಸುರಿದು, ಮೂಗು ತೀಡಿ, ತಲೆಯನ್ನು ಗುಂಡಗೆ ಒತ್ತಿ, ಲೋಬಾನದ ಹೊಗೆ ಹಾಕಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ, ಕೂಸು ಮೈಯೆಲ್ಲ ಕೆಂಪಗಾಗಿ ಮೂರು ತಾಸು ಕಣ್ಣು ಬಿಡುತ್ತಿರಲಿಲ್ಲ. “ಮೈಲಾರವ್ವ ಎರದ್ರ ಕೂಸು ಕೆಂಪ ಆಗತೈತಿ” ಎನ್ನುವುದು ಊರು ಆಕೆಗೆ ಕೊಟ್ಟ ಬಿರುದು. ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಾಗಿಯೂ ಇರಲಿಲ್ಲ.

ಇಸಬು ಆಕೆಗೆ ಹೊಸದಲ್ಲ. ಸಣ್ಣವಳಿದ್ದಾಗ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ ಆಗಿ, ದೊಡ್ಡವಳಾದಂತೆ ತಾನೇ ಹೋಗಿತ್ತು. ನಲವತ್ತೈದು ದಾಟಿದ ಮೇಲೆ ಅದು ಬೆರಳ ಸಂದಿಯಲ್ಲಿ ಮರಳಿ ಬಂತು. ಮುಂದಿನ ಚಳಿಗಾಲಕ್ಕೆ ಕಣಕಾಲು ಹಿಡಿಯಿತು. ಅದರ ಮುಂದಿನದಕ್ಕೆ ಕುತ್ತಿಗೆ, ಕಣ್ಣಿನ ರೆಪ್ಪೆ, ಬೆನ್ನು. ತೊಗಲು ಬೇಸಿಗೆಯ ಎರೆ ಹೊಲದಂತೆ ಬಿರಿದು, ಬಿರಿದಲ್ಲಿ ನೀರು ಒಸರುತ್ತಿತ್ತು. ತುರಿಕೆ ತಡೆಯಲಾಗದಾಗ ಸುಡು ಸುಡು ನೀರು ಹೊಯ್ದುಕೊಂಡರೆ ಒಂದು ಗಳಿಗೆ ಸ್ವರ್ಗ. ಆಮೇಲೆ ಎರಡರಷ್ಟು ಉರಿ.

ಕರೆಯುವ ಮನೆಗಳು ಒಂದೊಂದಾಗಿ ನಿಂತವು. ಯಾರೂ ಜಗಳ ಮಾಡಲಿಲ್ಲ. “ಈ ಸಲ ನಮ್ಮ ಅತ್ತೀನ ಎರೀತಾಳಂತ” ಎಂದರು ಒಬ್ಬರು. “ದವಾಖಾನ್ಯಾಗ ಎರಿಬ್ಯಾಡ ಅಂದಾರ” ಎಂದರು ಇನ್ನೊಬ್ಬರು. ಒಬ್ಬ ಮುದುಕಿ ಮಾತ್ರ ಹೊಸ್ತಿಲಲ್ಲೇ ನಿಲ್ಲಿಸಿ ಇದ್ದದ್ದು ಇದ್ದಂತೆ ಹೇಳಿದಳು. “ಸಿಟ್ಟಾಗಬ್ಯಾಡವ್ವ. ನಿನ್ನ ಕಾಲ ಮ್ಯಾಲ ಕೂಸು ಹಾಕಾಕ ಜೀವ ಒಪ್ಪವಲ್ಲದು.” ಮೈಲಾರವ್ವನಿಗೆ ಆ ಮುದುಕಿಯ ಮೇಲೆ ಸಿಟ್ಟು ಬರಲಿಲ್ಲ. ತನ್ನ ಕಾಲು ತನಗೇ ನೋಡಲಾಗುತ್ತಿರಲಿಲ್ಲ.

ಊರೆಲ್ಲ ಒಂದೇ ಮಾತು: ರಕ್ತ ಕೆಟ್ಟಿದೆ. ನಂಜೆಂದು ಬದನೆಕಾಯಿ ಬಿಟ್ಟಳು, ಶೇಂಗಾ ಬಿಟ್ಟಳು. ನಾಗಪ್ಪನ ಕಟ್ಟೆಗೆ ಐದು ಸೋಮವಾರ ಹಾಲೆರೆದಳು. ಚಮಡಿಯ ರೋಗ ಹೋಗುತ್ತದೆಂದು ಎದುರು ಮನೆಯ ಖಾಸಿಂಬಿ ಯಮನೂರಿಗೆ ಕರೆದುಕೊಂಡು ಹೋಗಿ ಹಳ್ಳದಲ್ಲಿ ಮುಳುಗಿಸಿ ಎಬ್ಬಿಸಿದಳು. ಇಬ್ಬರೂ ದರ್ಗಾದಲ್ಲಿ ಸಕ್ಕರೆ ಹಂಚಿ ಬಂದರು. ಮನಸ್ಸಿಗೆ ನೆಮ್ಮದಿಯಾಯಿತು, ಮೈಗೆ ಆಗಲಿಲ್ಲ.

ಕೊನೆಗೆ ಮೈಲಾರವ್ವನ ಗಂಡ ಪುಂಡಲೀಕ, ಮೆಣಸಿನಕಾಯಿ ಮಾರಲು ಹೋದಾಗ ಯಾರೋ ಹೇಳಿದರೆಂದು, ಸಂತೆಯಿಂದ ಸಂತೆಗೆ ತಿರುಗುವ ಒಬ್ಬ ವೈದ್ಯನಿಂದ ಪುಡಿಯ ಪೊಟ್ಟಣ ತಂದ. ಜೇನಿನಲ್ಲಿ ಕಲಸಿ ದಿನಕ್ಕೆರಡು ಸಲ ನೆಕ್ಕಬೇಕು. ನಾಲ್ಕನೆಯ ದಿನಕ್ಕೆ ತುರಿಕೆ ನಿಂತಿತು. ಹತ್ತನೆಯ ದಿನಕ್ಕೆ ತೊಗಲು ಆರಿತು. ಎರಡು ತಿಂಗಳಲ್ಲಿ ಆಕೆಯ ಮುಖ ದುಂಡಗಾಗಿ ಕೆನ್ನೆ ಉಬ್ಬಿದವು.

“ಮೈ ಕೈ ತುಂಬಿಕೊಂಡ್ಯಲ್ಲ ಬೇ, ಯಾವ ಅಂಗಡಿ ಹಿಟ್ಟು ತಿನ್ನಾಕ ಹತ್ತೀದಿ?” ಎಂದಳು ಖಾಸಿಂಬಿ. “ನಮಗೂ ಒಂದೀಟು ಹೇಳ.”

“ನೀ ತಿಂದ್ರ ಬಾಗಲಾ ದೊಡ್ಡದು ಮಾಡಿಸಬೇಕಾಗತೈತಿ,” ಎಂದಳು ಮೈಲಾರವ್ವ. ಬಹಳ ದಿನಗಳ ಮೇಲೆ ಇಬ್ಬರೂ ನಕ್ಕಿದ್ದರು. ಅದು ಆರೋಗ್ಯದ ದುಂಡಲ್ಲ, ಬಾವು ಎಂದು ತಿಳಿಯುವವರು ಆ ಓಣಿಯಲ್ಲಿ ಯಾರಿದ್ದರು?

ಅದೇ ಹೊತ್ತಿಗೆ ಸುದ್ದಿ ಬಂತು. ಅಣ್ಣಿಗೇರಿಗೆ ಕೊಟ್ಟ ಒಬ್ಬಳೇ ಮಗಳು ಸುನೀತಾ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ. ಊರ ಮಕ್ಕಳನ್ನೆಲ್ಲ ಎರೆದ ಕಾಲ ಮೇಲೆ ಇನ್ನು ತನ್ನ ಮೊಮ್ಮಗು ಮಲಗುತ್ತದೆ. ಮೈಲಾರವ್ವ ಆಗಲೇ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ತುಂಡು ಮಾಡಿಟ್ಟಳು.

ಆಷಾಢದಲ್ಲಿ ಪುಡಿ ಮುಗಿಯಿತು. ಪುಂಡಲೀಕ ಮೂರು ಸಂತೆ ಹುಡುಕಿದರೂ ವೈದ್ಯ ಸಿಗಲಿಲ್ಲ. ಪುಡಿ ನಿಂತ ಆರನೆಯ ದಿನಕ್ಕೆ ನೆತ್ತಿಯಿಂದ ಪಾದದ ತನಕ ಮೈ ಒಡೆಯಿತು. ಕಾಲಿನ ಗಾಯ ಕೀವು ಹಿಡಿದು, ಜ್ವರ ಏರಿ, ಆಕೆಗೆ ಮಾತು ತಪ್ಪತೊಡಗಿದಾಗ ಟೆಂಪೋದಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರು.

ಜ್ವರ ಇಳಿದು ಎಚ್ಚರ ಬಂದ ಮೇಲೆ ಆಕೆಯ ಮಂಚದ ಅಂಚಿಗೆ ಕುಳಿತದ್ದು ಚರ್ಮದ ಡಾಕ್ಟರು, ರುಬಿಯಾ ಎಂಬ ಮೂವತ್ತರ ಹೆಣ್ಣುಮಗಳು. ನವಲಗುಂದ ಕಡೆಯ ಹೊಲದ ಮನೆಯಲ್ಲಿ ಬೆಳೆದವರು. ಕೈಯಲ್ಲಿ ರಕ್ತ ಪರೀಕ್ಷೆಯ ಕಾಗದವಿತ್ತು.

“ನನ್ನ ರಕ್ತ ಕೆಟ್ಟೈತಿ ಹೌದಿಲ್ರಿ?” ಎಂದು ಮೈಲಾರವ್ವ ಮೊದಲೇ ಕೇಳಿದಳು.

“ಕೆಟ್ಟಿಲ್ಲವ್ವಾ. ರಕ್ತದಾಗ ಕಾವಲು ಅತಿ ಆಗೈತಿ. ಕರೋನಾ ಬಂದಾಗ ಎಲ್ಲಾರೂ ರೋಗನಿರೋಧಕ ಶಕ್ತಿ ಅಂತಿದ್ರಲ್ಲ, ಅದು ಕಡಿಮಿ ಆಗೂದೊಂದ ಕೇಡಲ್ಲ. ದಾರಿ ತಪ್ಪೂದೂ ಕೇಡ.” ಅವರು ಕಾಗದವನ್ನು ಬದಿಗಿಟ್ಟರು. “ಸಣ್ಣಾಕಿ ಇದ್ದಾಗ ಜೋಳದ ಹೊಲದಾಗ ಹಕ್ಕಿ ಕಾದೀರಿಲ್ಲೋ?”

“ಕಾದೇನ್ರಿ. ಅಟ್ಟಣಿಗಿ ಮ್ಯಾಲ ನಿಂತು ಕವಣಿ ಬೀಸ್ತಿದ್ದೆ.”

“ಕಾಯಾಕ ನಿಂತಾಂವ ಅಂಜುಬುರುಕ ಆದ ಅಂತ ತಿಳೀರಿ. ಗಾಳಿಗೆ ತೆನಿ ಅಲುಗಿದ್ರೂ ಕಲ್ಲ ಬೀಸ್ತಾನ. ಧೂಳಿಗೆ ಬೀಸ್ತಾನ, ಮೈಗೆ ಹಚ್ಚೂ ಸಬಕಾರಕ್ಕ ಬೀಸ್ತಾನ, ಬೆವರಿಗೆ ಬೀಸ್ತಾನ. ಏನಾಗತೈತಿ?”

ಮೈಲಾರವ್ವ ಸೂರು ನೋಡುತ್ತ ಮಲಗಿದ್ದಳು. ಉತ್ತರಕ್ಕೆ ಹುಡುಕಾಡಬೇಕಾಗಲಿಲ್ಲ. “ಕಲ್ಲ ಬಡದು ತೆನಿ ಮುರೀತಾವ್ರಿ. ಕಾಳ ಉದರ್ತಾವು. ಉದರಿದ ಕಾಳಿಗೆ ಖರೇನ ಹಕ್ಕಿ ಬರ್ತಾವು. ಹಕ್ಕಿ ಬಂದೂವಂತ ಅಂವ ಮತ್ತೀಟು ಬೀಸ್ತಾನ.”

“ಅದ. ನಿಮ್ಮ ಮೈಯಾಗ ಅದ ನಡದೈತಿ.” ಡಾಕ್ಟರು ಆಕೆಯ ತೋಳಿನಲ್ಲಿ ಗಾಯವಿಲ್ಲದ ಒಂದಿಷ್ಟು ಜಾಗವನ್ನು ಬೆರಳಿನಿಂದ ಮುಟ್ಟಿದರು. “ಇಲ್ಲೆ ನೋಡ್ರಿ, ಸ್ವಚ್ಛ ಕಾಣತೈತಿ. ಆದ್ರ ಇಲ್ಲೂ ಅಂವ ಕವಣ್ಯಾಗ ಕಲ್ಲಿಟಗೊಂಡ ನಿಂತಾನ. ಜೋರ ಇಸಬು ಇದ್ದವರಿಗೆ ಹೊರಗ ಕಾಣೂದು ಅರ್ಧ, ಒಳಗಿಂದು ಅರ್ಧ.”

“ಹಂಗಾದ್ರ ಆ ಹುಚ್ಚಪ್ಪನ್ನ ಅಟ್ಟಣಿಗಿಯಿಂದ ಕೆಳಗಿಳಸ್ರಿ.”

“ಇಳಿಸಿದ್ರ ಹೊಲಾ ಕಾಯಾಂವ ಯಾರು? ನಿಮ್ಮ ಪುಡ್ಯಾಗ ಸ್ಟಿರಾಯ್ಡ್ ಬೆರಸಿದ್ರು ಕಾಣತೈತಿ. ಅದು ಇದ್ದಬಿದ್ದ ಕಾವಲುಗಾರ್ರಿಗೆಲ್ಲಾ ನಿದ್ದಿ ಬರಿಸ್ತು. ನಿಮಗ ಸುಖ ಅನಸ್ತು. ಅಷ್ಟರಾಗ ದನಾ ಒಳಗ ಹೊಕ್ಕುವು, ಈ ಕೀವು ಅದ. ಪುಡಿ ನಿಂತಕೂಡ್ಲೆ ಎಲ್ಲಾರೂ ದಡಬಡಿಸಿ ಎದ್ದು ಸಿಕ್ಕಸಿಕ್ಕಲ್ಲೆ ಕಲ್ಲ ಬೀಸ್ಯಾರ. ನಾ ಕೊಡೂ ಗುಳಗಿ ಅವನ ಕೈ ಮೆತ್ತಗ ಹಿಡೀತೈತಿ. ವಾರಕ್ಕ ಒಂದ ದಿನಾ ತಗೋಬೇಕು, ತಿಂಗಳಿಗೊಮ್ಮೆ ರಕ್ತ ತೋರಸಬೇಕು. ಒಂದೂವರಿ ತಿಂಗಳ ತನಕ ಗುಣಾ ಕಾಣಂಗಿಲ್ಲ. ತಾಳಬೇಕು. ಮತ್ತ ಸುಡು ನೀರು ಬಂದ್. ಸುಡು ನೀರು ತೊಗಲಿನ ಜಿಡ್ಡು ತೊಳದ ಬಿಡತೈತಿ. ಜಿಡ್ಡು ಹೋತಂದ್ರ ಹೊಲದ ಬೇಲಿ ಹೋದಂಗ.”

ಮೈಲಾರವ್ವ ಕೇಳಿದಳು. “ಕೂಸಿಗೂ ಹಂಗ ಏನ್ರಿ?”

“ಎಲ್ಲಾ ಕೂಸಿಗೆ ತ್ರಾಸ ಆಗಂಗಿಲ್ಲ. ನಿಮ್ಮಂಥ ತೊಗಲು ತಗೊಂಡ ಹುಟ್ಟಿದ ಕೂಸಿಗೆ ಸುಡು ನೀರು, ಹಿಟ್ಟು, ತಿಕ್ಕೂದು ಬೆಂಕಿ ಇದ್ದಂಗ. ಈ ತೊಗಲು, ಉಬ್ಬಸ, ಇವೆಲ್ಲಾ ಮನಿತನದಾಗ ಹರೀತಾವು.”

“ನನ್ನ ಮಗಳ ಕೂಸಿಗೆ ನಾ ಮುಟ್ಟಿದ್ರ ಬರತೈತೇನ್ರಿ?”

“ಮುಟ್ಟಿದ್ರ ಬರಂಗಿಲ್ಲ. ಇಸಬು ಅಂಟೂ ರೋಗ ಅಲ್ಲ. ಹಸಿ ಗಾಯ ಇದ್ದಲ್ಲೆ ಕೀವಿನ ಕಾಟ ಇರತೈತಿ, ಅಲ್ಲೆ ಮಾತ್ರ ಕೂಸಿನ್ನ ತಾಗಿಸಬ್ಯಾಡ್ರಿ.”

ಅಂದು ಮೈಲಾರವ್ವನಿಗೆ ಮೈಯ ನೋವಿಗಿಂತ ಬೇರೊಂದು ನೋವು ಹತ್ತಿತು. ಖಾಸಿಂಬಿಯ ಮೊಮ್ಮಗ ದಾನೀಶ್ ಕೂಸಿದ್ದಾಗ ಕೆನ್ನೆ ಒಡೆದು ನೀರು ಬರುತ್ತಿತ್ತು. ಉಷ್ಣ ಹೊರಗೆ ಬೀಳಲೆಂದು ತಾನೇ ಅವನನ್ನು ಇನ್ನಷ್ಟು ಬಿಸಿ ನೀರಿನಲ್ಲಿ, ಇನ್ನಷ್ಟು ಹಿಟ್ಟು ಹಚ್ಚಿ ತಿಕ್ಕಿದ್ದಳು. ಕೂಸು ಉಸಿರು ಕಟ್ಟುವಂತೆ ಅಳುತ್ತಿತ್ತು. ಅತ್ತರೆ ಎದೆ ಗಟ್ಟಿಯಾಗುತ್ತದೆ ಎಂದಿದ್ದಳು. ಈಗ ಅವನಿಗೆ ಹತ್ತು ವರ್ಷ. ಇನ್ನೂ ಸಾಲಿಯಲ್ಲಿ ಕುಳಿತು ಮೊಣಕೈ ಕೆರೆದುಕೊಳ್ಳುತ್ತಾನೆ. ಹಾಗೆ ಎಷ್ಟು ಕೂಸುಗಳನ್ನು ಎರೆದೆ ಎಂದು ನೆನೆಯಲು ಹೋಗಿ, ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಆಕೆ ದವಾಖಾನೆಯಲ್ಲಿದ್ದಾಗಲೇ ಅಣ್ಣಿಗೇರಿಯ ಬೀಗತಿ ಅನ್ನಪೂರ್ಣಾ ನೋಡಲು ಬಂದಿದ್ದರು. ನೇರ ಮಾತಿನ ಹೆಂಗಸು. ಮೋಸಂಬಿಯ ಚೀಲವನ್ನು ಮಂಚದ ಕೆಳಗಿಟ್ಟು, ಸೊಸೆ ಸುನೀತಾ ಎದುರಿಗಿರುವಾಗಲೇ ಹೇಳಿದರು. “ಪದ್ಧತಿ ಮುರಿಯಾಂಗಿಲ್ಲ ಅಕ್ಕಾರ. ಹೆರಿಗಿ ನಿಮ್ಮಲ್ಲೇ ಆಗಲಿ. ಆದ್ರ ಕೂಸು ಎರಿಯೂದು ಮಾತ್ರ ನೀವು ಬ್ಯಾಡ.”

ಮೈಲಾರವ್ವ “ಆತ್ರಿ” ಎಂದಿದ್ದಳು. ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಹೇಳಬಹುದಿತ್ತು. ಪಟ್ಟಿ ಸುತ್ತಿದ ಕಾಲುಗಳನ್ನು ಮುಂದಿಟ್ಟುಕೊಂಡು ಅದನ್ನು ಹೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದ ಮೇಲೆ ಆಕೆ ಪಾಠ ಒಪ್ಪಿಸುವವಳಂತೆ ಇದ್ದಳು. ಉಗುರು ಬೆಚ್ಚಗಿನ ನೀರು, ಮಿಂದ ಕೂಡಲೇ ಹಸಿ ಮೈಗೆ ಡಾಕ್ಟರು ಕೊಟ್ಟ ಡಬ್ಬಿಯ ಬಿಳಿ ಜಿಡ್ಡು, ಗಾಯದ ಮೇಲೆ ಒದ್ದೆ ಅರಿವೆ. ಬೆನ್ನಿಗೆ ಕೈ ನಿಲುಕದಲ್ಲಿ ಪುಂಡಲೀಕ ಹಚ್ಚುತ್ತಿದ್ದ. ಅವನ ಅಂಗೈ ಮೆಣಸಿನಕಾಯಿ ಬಿಡಿಸಿ ಬಿಡಿಸಿ ಉರಿ ಹಿಡಿದಿರುತ್ತಿದ್ದರಿಂದ ಮೊದಲು ಮೂರು ಸಲ ಕೈ ತೊಳೆದು ಬಂದು ತೋರಿಸಬೇಕು. “ಮಾಸ್ತರ ಮುಂದ ಉಗುರು ತೋರಿಸಿದಂಗಾತು ನನ್ನ ಬಾಳ್ವೆ” ಎನ್ನುತ್ತಿದ್ದ. ದಸರೆಯ ಹೊತ್ತಿಗೆ ಬೆನ್ನು ಆರಿತು. ದೀಪಾವಳಿಗೆ ಕೈ ಆರಿದವು. ಕಣಕಾಲು ಮಾತ್ರ ಹಟ ಹಿಡಿದಿತ್ತು.

ದೀಪಾವಳಿಯ ಮರುವಾರ ಸುನೀತಾ ಹೆಣ್ಣು ಕೂಸು ಹೆತ್ತಳು. ಎರೆಯಲು ಖಾಸಿಂಬಿ ಬಂದಳು. ಆಕೆಗೆ ಇದನ್ನೆಲ್ಲ ಕಲಿಸಿದವಳು ಮೈಲಾರವ್ವನೇ. ದಿನಾ ಬೆಳಿಗ್ಗೆ ತನ್ನ ಬಚ್ಚಲಲ್ಲಿ, ತನ್ನ ಮಣೆಯ ಮೇಲೆ ಇನ್ನೊಬ್ಬಳು ಕಾಲು ನೀಡಿ ಕೂರುವುದನ್ನು ಮೈಲಾರವ್ವ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು.

“ನೀರು ಭಾಳ ಬಿಸಿ ಆತು ಖಾಸಿಂಬಿ.”

“ಇದ ಬಿಸಿ? ನೀನು ಕುದಿಸಿ ಸುರೀತಿದ್ದಿ. ಬಾಜು ಸರಿ, ನಿನ್ನ ನೆಳ್ಳ ನೀರಿನ್ಯಾಗ ಬೀಳಾಕತ್ತೈತಿ.”

ಖಾಸಿಂಬಿ ಹಾಸ್ಯಕ್ಕೇ ಅಂದದ್ದು. ಮೈಲಾರವ್ವ ಸರಿದು ನಿಂತಳು. ಸುಡು ನೀರಿನ ಮಾತನ್ನು ಮುಂದೆ ಒಯ್ಯುವ ಧೈರ್ಯ ಆಕೆಗಿರಲಿಲ್ಲ. ಎರೆಯಬೇಡ ಎನಿಸಿಕೊಂಡವಳು ಎರೆಯುವವಳಿಗೆ ತಪ್ಪು ತೋರಿಸಿದರೆ ಜನ ಹೊಟ್ಟೆಕಿಚ್ಚು ಎನ್ನುತ್ತಾರೆ.

ಎರಡು ತಿಂಗಳು ತುಂಬುವ ಹೊತ್ತಿಗೆ ಕಡಲೆ ಕೀಳುವ ಚಳಿ ಬಿದ್ದಿತ್ತು. ಕೂಸಿನ ಎರಡೂ ಕೆನ್ನೆ ಕೆಂಪಗೆ ಒರಟಾದವು. ಹುಬ್ಬಿನ ಮೇಲೆ ಹೊಟ್ಟು. ಮೊಣಕಾಲ ಮೇಲೆ ಬೆರಳಿನಷ್ಟು ಬಿರುಕು. ಕೂಸು ನಿದ್ದೆಯಲ್ಲಿ ತಾಯಿಯ ಎದೆಗೆ ಕೆನ್ನೆ ಉಜ್ಜುತ್ತಿತ್ತು. ಮೈಲಾರವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ತನ್ನ ತೊಗಲು ತನಗೆ ಗುರುತು ಸಿಗದೇ?

ಅಂದು ಮಧ್ಯಾಹ್ನ ಖಾಸಿಂಬಿಯ ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಕಾವಲುಗಾರನ ಮಾತು, ಬೇಲಿಯ ಮಾತು, ಕೊನೆಗೆ ದಾನೀಶನ ಮಾತು. “ನಿನ್ನ ಮೊಮ್ಮಗನ ತೊಗಲು ನಾನ ಕೆಡಿಸಿದೆ. ಗೊತ್ತಿರಲಿಲ್ಲ.”

ಖಾಸಿಂಬಿ ಮೊರದಲ್ಲಿನ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಕೆಲವು ಕಲ್ಲು ಎತ್ತಿ ಒಗೆದ ಮೇಲೆ ಹೇಳಿದಳು. “ನೀರು ಕಾಸಿ ಕೊಟ್ಟಾಕಿ ನಾನ ಅಲ್ಲೇನ? ಇಬ್ಬರೂ ಕೂಡಿ ಮಾಡೇವಿ. ನಾಳಿಂದ ನಾ ಎರಿಯಂಗಿಲ್ಲ. ನೀ ಎರಿ.”

“ಬೀಗತ್ಯಾರಿಗೆ ಮಾತ ಕೊಟ್ಟೇನಿ.”

“ಹಂಗಾದ್ರ ಅವರಿಗೆ ಹೇಳು.”

ಹೇಳುವುದು ಸುಲಭದ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಶುಕ್ರವಾರ ಅನ್ನಪೂರ್ಣಾ ಬಾಣಂತಿಗೆಂದು ಅಂಟಿನುಂಡಿ ತೆಗೆದುಕೊಂಡು ಬರುವವರಿದ್ದರು. ಗುರುವಾರ ಸಂಜೆ ಸುನೀತಾ ತಾಯಿಯ ಸೆರಗು ಹಿಡಿದಳು.

“ಯವ್ವಾ, ಅತ್ತಿ ಮುಂದ ಹೇಳಬ್ಯಾಡ. ಬೆವರಸಾಲಿ ಅಂದ್ರಾತು.”

“ಈ ಥಂಡ್ಯಾಗ ಬೆವರಸಾಲಿ?”

“ಪೌಡರ ಹಚ್ತೇನಿ, ಕಾಣಂಗಿಲ್ಲ. ನಿನ್ನಿಂದ ಬಂತು ಅಂತಾರ. ನಾಳಿನ ಕರಕೊಂಡು ಹೊಕ್ಕಾರ. ನೀ ಒಂದ ದಿನಾನೂ ಎರಿಲಿಲ್ಲ ಯವ್ವಾ. ಕಾಲು ಆರಿದ ಮ್ಯಾಲಾದ್ರೂ ಎರೀದಿ ಅಂತ ಮಾಡಿದ್ದೆ.”

ಮೈಲಾರವ್ವನೂ ಹಾಗೇ ಅಂದುಕೊಂಡಿದ್ದಳು. ಎಡಗಾಲು ಪೂರ್ತಿ ಆರಿತ್ತು. ಬಲಗಾಲಿನಲ್ಲಿ ಅಂಗೈಯಗಲದ ಗಾಯವೊಂದೇ ಉಳಿದಿತ್ತು. ಇನ್ನೊಂದು ತಿಂಗಳು ಸುಮ್ಮನಿದ್ದರೆ ಕಾಲೂ ಆರಿ, ಕೂಸು ಎರೆಯುವ ದಿನವೂ ಕೂಡಿಬರುತ್ತಿತ್ತು. ಆ ಒಂದು ತಿಂಗಳು ಕೂಸಿನ ಬಿರಿದ ಕೆನ್ನೆಯನ್ನು ಡಾಕ್ಟರಿಗೆ ತೋರಿಸದೆ ಪೌಡರಿನಲ್ಲಿ ಮುಚ್ಚಿಡಬೇಕು, ಅಷ್ಟೇ.

ಶುಕ್ರವಾರ ಅನ್ನಪೂರ್ಣಾ ಬಂದು, ಕೈಕಾಲು ತೊಳೆದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಕೆನ್ನೆಯ ತುಂಬ ಪೌಡರ್.

“ಇದೇನು ಇಷ್ಟ ಬೆಳ್ಳಗ, ಹಿಟ್ಟಿನ ಗಿರಣ್ಯಾಗ ಬಿದ್ದಿತ್ತೇನು?”

ಸುನೀತಾ ತಲೆ ತಗ್ಗಿಸಿದಳು. ಮೈಲಾರವ್ವ ಒದ್ದೆ ಅರಿವೆ ತಂದು ಕೂಸಿನ ಕೆನ್ನೆಯನ್ನು ಮೆಲ್ಲಗೆ ಒರೆಸಿದಳು. “ನನ್ನ ಇಸಬು ಐತ್ರಿ ಕೂಸಿಗೆ. ಮುಟ್ಟಿ ಬಂದದ್ದಲ್ಲ, ಇಸಬು, ಉಬ್ಬಸ ಇವು ಮನಿತನದಾಗ ಹರೀತಾವಂತ. ಸುಡು ನೀರು, ಹಿಟ್ಟು ಅದನ್ನ ಎಬ್ಬಿಸ್ಯಾವು.”

ಅನ್ನಪೂರ್ಣಾ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿ ಬಿಸಿಲಲ್ಲಿ ನೋಡಿದರು. ಬಹಳ ಹೊತ್ತಿನ ಮೇಲೆ ಒಳಗೆ ಬಂದರು. “ಮೊದಲ ಗೊತ್ತಿದ್ರ,” ಎಂದು ಶುರು ಮಾಡಿ, ಸೊಸೆಯ ಮುಖ ನೋಡಿ ಅದನ್ನು ಅಲ್ಲಿಗೇ ಬಿಟ್ಟರು. “ನಾಳಿ ಗಾಡಿ ತರಸ್ತೇನಿ. ಇಬ್ಬರನ್ನೂ ಕರಕೊಂಡು ಹೊಕ್ಕೇನಿ.”

“ಕರಕೊಂಡು ಹೋಗ್ರಿ,” ಎಂದಳು ಮೈಲಾರವ್ವ. ದನಿ ಗಟ್ಟಿಯಾಗಿಯೇ ಇತ್ತು. “ಆದ್ರ ಅಲ್ಲೆ ಎರಿಯಾಕಿಗೆ ಇದು ಗೊತ್ತಿರಂಗಿಲ್ಲ. ಕೆಂಪ ಆಗಲಿ ಅಂತ ತಿಕ್ಕತಾಳು, ನಾ ತಿಕ್ಕಿದಂಗ. ನಾಳಿ ಮುಂಜಾನೆ ಹೆಂಗ ಎರಿಬೇಕಂತ ನೋಡಿ, ಕಲ್ತು, ಆಮ್ಯಾಲ ಹೋಗ್ರಿ. ಡಾಕ್ಟ್ರ ಚೀಟಿ ಕೊಡ್ತೇನಿ, ಒಮ್ಮೆ ತೋರಸ್ರಿ.”

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಮಣೆ ಹಾಕಿತ್ತು. ಅನ್ನಪೂರ್ಣಾ ಬಾಗಿಲಲ್ಲಿ ನಿಂತು, “ಕಾಲು ತೋರಸ್ರಿ ಅಕ್ಕಾರ,” ಎಂದರು. “ಆರಿದ್ರ ನೀವ ಎರದು ತೋರಸ್ರಿ. ನಾ ಕಲ್ಲಲ್ಲ.”

ಸುನೀತಾ ಕೂಸಿನ ಬಟ್ಟೆ ಬಿಚ್ಚತೊಡಗಿದಳು. ಬಚ್ಚಲಲ್ಲಿ ಮಬ್ಬುಗತ್ತಲೆ. ಎಡಗಾಲನ್ನು ಮುಂದೆ ಚಾಚಿದ್ದರೆ ಆಗುತ್ತಿತ್ತು. ಮೈಲಾರವ್ವ ಎರಡೂ ಕಾಲಿನ ಸೀರೆ ಎತ್ತಿದಳು. ಕಪ್ಪು ಕಲೆಗಳ ನಡುವೆ ಬಲಗಾಲಿನ ಆ ಅಂಗೈಯಗಲ ಜಾಗ ಹಸಿಯಾಗಿ ಹೊಳೆಯುತ್ತಿತ್ತು.

“ಇದೊಂದು ಆರಿಲ್ರಿ. ಹಸಿ ಇದ್ದಲ್ಲೆ ಕೂಸು ಬ್ಯಾಡಂದಾರ. ನೀವ ಕುಂದರ್ರಿ. ನಾ ಹೇಳ್ತೇನಿ.”

“ನನ್ನ ಮಕ್ಕಳನ್ನ ಸುದ್ದಾ ನಾ ಎರದಿಲ್ಲ. ನಮ್ಮತ್ತಿ ಎರದಾರ.”

“ಕುಂದರ್ರಿ.”

ಅನ್ನಪೂರ್ಣಾ ಕುಳಿತರು. ಕಾಲು ಹೇಗೆ ಜೋಡಿಸಬೇಕು, ಕೂಸಿನ ಗದ್ದ ಎಲ್ಲಿ ಬರಬೇಕು, ಮೈಲಾರವ್ವ ತಾನೇ ಬಗ್ಗಿ ಸರಿಮಾಡಿದಳು. ನೀರಿಗೆ ಮೊಣಕೈ ಅದ್ದಿ ನೋಡಿ, ಎರಡು ತಂಬಿಗೆ ತಣ್ಣೀರು ಬೆರೆಸಿ, ಮತ್ತೆ ನೋಡಿದಳು. ಹಿಟ್ಟಿಲ್ಲ, ತಿಕ್ಕುವುದಿಲ್ಲ, ಹೊಗೆಯಿಲ್ಲ. ಆಕೆಯ ಆರಿದ ಕೈ ಕೂಸಿನ ಬೆನ್ನ ಮೇಲೆ ನೀರಿನ ಜೊತೆ ಜಾರುತ್ತ ಹೋಯಿತು. ಐದು ನಿಮಿಷಕ್ಕೆ ಮುಗಿಯಿತು. ಅರಿವೆಯಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಜಿಡ್ಡು ಹಚ್ಚಿಸಿದಳು. ಕೂಸು ಕೆಂಪಾಗಲಿಲ್ಲ. ಅಳಲೂ ಇಲ್ಲ, ಮಲಗಲೂ ಇಲ್ಲ. ಅನ್ನಪೂರ್ಣಾರ ಸೀರೆ ಪೂರ್ತಿ ತೋಯಿಸಿ ಎಲ್ಲರನ್ನೂ ನೋಡುತ್ತ ಕಣ್ಣು ಪಿಳಿಪಿಳಿ ಮಾಡಿತು.

“ಇಷ್ಟ?” ಎಂದರು ಅನ್ನಪೂರ್ಣಾ.

“ಇಷ್ಟರಿ. ದಿನಾ ಇಷ್ಟ.”

ಅನ್ನಪೂರ್ಣಾ ಏಳಲು ಹೋಗಿ, ಕಾಲು ಜೋಮು ಹಿಡಿದು ಮತ್ತೆ ಕುಳಿತರು. “ಗಾಡಿ ಇವತ್ತ ಬ್ಯಾಡ ಅಂತ ಹೇಳಸ್ರಿ. ಎಂಟ ದಿನಾ ಇರ್ತೇನಿ. ನನ್ನ ಕೈಗೆ ರೂಢಿ ಆದ ಮ್ಯಾಲ ಕರಕೊಂಡು ಹೊಕ್ಕೇನಿ.”

ಎಂಟು ದಿನವೂ ಅವರ ಕಾಲು, ಮೈಲಾರವ್ವನ ಕೈ. ನಾಲ್ಕನೆಯ ದಿನ ನೀರು ಹದ ಮಾಡುತ್ತಿದ್ದಾಗ ಅನ್ನಪೂರ್ಣಾ ಯಾರನ್ನೂ ನೋಡದೆ, “ನಮ್ಮ ಹುಡುಗಗೂ ಸಣ್ಣಾಂವ ಇದ್ದಾಗ ಉಬ್ಬಸ ಇತ್ತು,” ಎಂದರು. ಮೈಲಾರವ್ವ ಇನ್ನೊಂದು ತಂಬಿಗೆ ತಣ್ಣೀರು ಬೆರೆಸಿದಳು.

ಒಂಬತ್ತನೆಯ ದಿನ ಗಾಡಿ ಬಂತು. ಕೂಸಿನ ಕೆನ್ನೆ ಅರ್ಧ ಇಳಿದಿತ್ತು. ಮೈಲಾರವ್ವನ ಬಲಗಾಲು ಹಾಗೇ ಇತ್ತು. ಗಾಡಿ ಓಣಿಯ ತಿರುವು ದಾಟಿದ ಮೇಲೆ ಖಾಸಿಂಬಿ ಬಂದು ಪಕ್ಕದಲ್ಲಿ ನಿಂತಳು.

“ಅದು ಆರಾಕ ಇನ್ನ ಎಷ್ಟ ದಿನಾ ಅಂತಾರ?”

“ತಿಂಗಳಾದ್ರೂ ಬೇಕಂತ. ಆರಿದ ಕೂಡ್ಲೆ ಬರ್ರಿ ಅಂದಾರ ಬೀಗತ್ಯಾರು.” ಮೈಲಾರವ್ವ ಮನಸ್ಸಿನಲ್ಲೇ ಅಳತೆ ಹಾಕಿದಳು. “ಆಗ ಕೂಸಿಗೆ ಮೂರು ತಿಂಗಳ ದಾಟಿರತೈತಿ. ಇನ್ನೂ ಕಾಲ ಮ್ಯಾಲ ಹಿಡಸತೈತಿ.”